ಮುಚ್ಚಳದಷ್ಟು ಸೂರ್ಯ

ಉಪ್ಪಿನಕಾಯಿ ಜಾಡಿಯ ಮುಚ್ಚಳ ಬೋರಲಿಟ್ಟು
ಪೆನ್ಸಿಲ್ಲಿನಲ್ಲಿ ಸುತ್ತು ಗೀಚಿದರೆ
ಆ ದಿನದ ಸೂರ್ಯ ಸಿದ್ಧ, ಖಾಲಿ.
ತುಂಬುವುದೊಂದೇ ಬಾಕಿ.

ಮತ್ತಿಕೆರೆ, ಮೂರನೆಯ ಮಹಡಿಯ ತಾರಸಿ.
ಏಳೂ ಮುಕ್ಕಾಲಕ್ಕೆ ಹತ್ತಬೇಕು,
ಒಂಬತ್ತು ದಾಟಿತೋ, ಸಿಮೆಂಟು ಕಾದು
ಮೇಲಿನ ಗಾಳಿ ಕುದಿಯುತ್ತದೆ,
ಸೂರ್ಯನ ಅಂಚು ಹಾಲಿನ ಕೆನೆಯ ಹಾಗೆ ನಡುಗುತ್ತದೆ.
ಮಾಲೀಕರು ಚೌಡಪ್ಪನವರ ಷರತ್ತು ಎರಡೇ:
ನೀರಿನ ಟ್ಯಾಂಕು ಮುಟ್ಟಬಾರದು,
ಎದುರುಮನೆ ಕಿಟಕಿಯತ್ತ ಕೊಳವೆ ತಿರುಗಿಸಬಾರದು.
ತಿರುಗಿಸಿದರೂ ಕತ್ತಲೆಯೇ. ಹೇಳಿದರೆ ನಂಬರು:
ಈ ಕೊಳವೆಗೆ ಲೋಕದಲ್ಲಿ ಕಾಣುವ ವಸ್ತು ಒಂದೇ ಒಂದು.

ಲೆನ್ಸಿನಗಲ ನಲವತ್ತು ಮಿಲಿಮೀಟರು,
ಸೆಕೆಂಡ್ ಹ್ಯಾಂಡು. ಚೀಟಿ ಎತ್ತಿದ ದುಡ್ಡು.
"ಬಂಗಾರ ತಗೋಬಹುದಿತ್ತಲ್ಲ" ಅಂದಳು ಜಸಿಂತಾ,
ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಬೆಡ್‌ಶೀಟು ಹರವುತ್ತ.
ತಗೋಬಹುದಿತ್ತು.

ಕರೀ ಶಾಲು ತಲೆಮೇಲೆ ಎಳೆದುಕೊಂಡು ಬಗ್ಗುತ್ತೇನೆ.
ಮೊದಲು ಬರೀ ಕೆಂಪು, ಬೀಟ್‌ರೂಟ್ ಹಿಂಡಿದ ಕೆಂಪು.
ಉಂಗುರ ತಿರುವಬೇಕು ಕೂದಲೆಳೆಯಷ್ಟು,
ಹಳೇ ರೇಡಿಯೋದ ಕಿವಿ ಹಿಂಡಿದ ಹಾಗೆ.
ಸ್ಟೇಷನ್ನು ಸಿಕ್ಕ ಕ್ಷಣ
ಬೋಳು ಬಿಲ್ಲೆಗೆ ಚರ್ಮ ಬರುತ್ತದೆ:
ಕಿತ್ತಳೆ ಸಿಪ್ಪೆಯ ತರಿತರಿ,
ಅದರ ಮೇಲೆ ಬಚ್ಚಲಲ್ಲಿ ಅಂಟಿದ ಕೂದಲಿನಂಥ ಕಪ್ಪು ಎಳೆ,
ಬಲಕ್ಕೆ ಕಲೆಗಳೆರಡು, ಹಿಂದೆ ಮರಿಗಳ ಸಾಲು.
ಅಂಚಿನಾಚೆ, ಏನೂ ಇರಬಾರದ ಕಡೆ,
ಉರಿಯ ಒಂದು ಮುಳ್ಳುಬೇಲಿ.

ಅವತ್ತು ಟ್ಯಾಂಕಿನ ಸ್ಟ್ಯಾಂಡು ಬೆಸೆಯಲು
ಪೀಣ್ಯದ ದಸ್ತಗೀರ್ ಬಂದಿದ್ದ.
"ಬರಿಗಣ್ಣಲ್ಲ ತಾನೆ ಮೇಡಂ?"
ಬೈಯುವ ದನಿಯಲ್ಲೇ ಕೇಳಿದ.
ಇಪ್ಪತ್ತೆಂಟು ವರ್ಷ ಬೆಳಕಿಗೆ ಮುಖ ಮುಚ್ಚಿ ದುಡಿದವನು,
ಒಮ್ಮೆ ಮರೆತು, ಕಣ್ಣಲ್ಲಿ ಮರಳು ಸುರಿದಂತಾಗಿ
ಆಲೂಗಡ್ಡೆ ಹೋಳು ಕಟ್ಟಿಕೊಂಡು
ಬೆಳತನಕ ಗೋಡೆಗೊರಗಿದವನು.

ಶಾಲಿನೊಳಗೆ ಹೋದ. ಹೊರಗೆ ಬರಲಿಲ್ಲ.
ಕೆಳಗೆ ತರಕಾರಿ ಗಾಡಿಯ ಮೈಕು
ದಂಟು, ದಂಟು ಎಂದು ಕೂಗುತ್ತಲೇ ತಿರುವು ದಾಟಿತು.

"ಆ ಕರೀ ಚುಕ್ಕೆ ಆರಿಹೋಗಿದೆಯಾ?"
ಆರಿಲ್ಲ. ನಾಲ್ಕು ಸಾವಿರ ಡಿಗ್ರಿ, ಹೆಚ್ಚುಕಮ್ಮಿ.
ಶಾಲಿನೊಳಗೆ ಲೆಕ್ಕ ನಡೆಯಿತು.
"ಉಕ್ಕು ಒಂದೂವರೆ ಸಾವಿರಕ್ಕೇ ನೀರು.
ಹಾಗಾದ್ರೆ ಅದು ಕಪ್ಪಲ್ಲ ಮೇಡಂ,
ಪಕ್ಕದವರು ಜಾಸ್ತಿ ಉರೀತಿದಾರೆ, ಅಷ್ಟೆ."

ಅಂಚಿನ ಬೇಲಿ ನೋಡಿ ನಕ್ಕ:
"ಕರೆಂಟು ಏರಿಸಿಬಿಟ್ಟಿದಾನೆ, ಸಿಡಿತ ಜಾಸ್ತಿ.
ನಮ್ಮ ಹುಡುಗ ಆಗಿದ್ರೆ ಹೋಲ್ಡರ್ ಕಿತ್ಕೊಳ್ತಿದ್ದೆ."
ಆ ಸಿಡಿತದಡಿ ಐದಾರು ಭೂಮಿ ಒಂದರ ಮೇಲೊಂದು ನಿಲ್ಲುತ್ತವೆ
ಅಂತ ಹೇಳಹೊರಟೆ. ಹೇಳಲಿಲ್ಲ.
"ಸೊಳ್ಳೆ!" ಅಂದ ಅಷ್ಟರಲ್ಲಿ.
ದೇವನಹಳ್ಳಿ ಬಿಟ್ಟ ವಿಮಾನ.

ಆಮೇಲೆ ಮುಖವಾಡ ಇಳಿಸಿ ಕೆಲಸಕ್ಕೆ ಕೂತ.
ನೋಡಬೇಡಿ, ಅಂದ. ತಿರುಗಿ ನಿಂತೆ.
ಗೋಡೆಯ ಮೇಲೆ ನನ್ನ ನೆರಳು ಎರಡು:
ಎಂಟು ನಿಮಿಷ ಹಳೆಯದೊಂದು, ಕದಲದೆ;
ಈಗಷ್ಟೇ ಹುಟ್ಟಿದ್ದೊಂದು, ಅದುರುತ್ತ.

ಐದನೆಯ ದಿನಕ್ಕೆ ಆ ಕಲೆಗಳು ಅಂಚಿಗೆ ಸರಿದು
ಅಕ್ಕಿಕಾಳಿನಂತೆ ಸಪೂರವಾಗಿ ಆಚೆಗಿಳಿದವು.
ಬೆನ್ನಿಗೇ ಜೂನು.
ಪುಟದ ಮೇಲೆ ಪುಟ ಖಾಲಿ ಮುಚ್ಚಳ,
ಪಕ್ಕದಲ್ಲಿ "ಮೋಡ", "ಮೋಡ", "ಮೋಡ, ತುಂತುರು",
ಒಂದು ದಿನ ಬೇಜಾರಿಗೆ ಬರೀ "ಮೋ".

ಬಾಕಿ ಆರುನೂರು ಕೇಳಲು ದಸ್ತಗೀರ್ ಫೋನು ಮಾಡಿದ್ದ.
ಕೇಳಿ, ಸ್ವಲ್ಪ ತಡೆದು,
"ಆಚೆ ಹೋದದ್ದು ವಾಪಸ್ ಬರತ್ತಾ?"
ಎರಡು ವಾರಕ್ಕೆ ಬರಬಹುದು, ಅಷ್ಟರಲ್ಲಿ ಕರಗದಿದ್ದರೆ.
"ಹಾಗಾದ್ರೆ ದುಡ್ಡೂ ಆವಾಗಲೇ ಕೊಡಿ."

ಆರುನೂರು ರೂಪಾಯಿ ಪುಸ್ತಕದಲ್ಲಿಟ್ಟಿದ್ದೇನೆ,
ಆ ತಾರೀಖಿನ
ಖಾಲಿ ಸೂರ್ಯನ ಮೇಲೆ.